ಮಂಗಳೂರಿಗೆ ಬೆಂಕಿ ಬಿದ್ದದ್ದು ಏಕೆ?

ನಾನು ಭಾಷಣ ಮಾಡುವವನಲ್ಲ, ಐಟಿಐ ಮುಗಿಸಿ ಬಂದ ಎಲೆಕ್ಟ್ರಿಷಿಯನ್. ರಾಜ್ಯೋತ್ಸವಕ್ಕೆ ನೀನೂ ನಾಲ್ಕು ಮಾತಾಡು ಅಂತ ಹಿರಿಯರು ಹೇಳಿದ್ದಕ್ಕೆ, ಈ ವರ್ಷ ನಾನು ಕಲಿತ ಒಂದು ಸಂಗತಿ ಹೇಳ್ತೇನೆ.

ಊರಲ್ಲಿ ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ನಮ್ಮ ಜಿಲ್ಲೆಯ ಒಂದು ಐತಿಹಾಸಿಕ ಘಟನೆ ಬಗ್ಗೆ ಇಬ್ಬಿಬ್ಬರು ಸೇರಿ ಪ್ರಾಜೆಕ್ಟ್ ಮಾಡಬೇಕಿತ್ತು. ಇವಳ ಜೊತೆಗಾತಿ ಪಕ್ಕದ ಮನೆಯ ಬ್ಯಾರಿ ಹುಡುಗಿ. ಆ ಹುಡುಗಿಯ ಅಪ್ಪ ಇಲ್ಲೇ ಸೊಹಾರ್‌ನಲ್ಲಿ ಡ್ರೈವರ್. ಮಕ್ಕಳು ಬರೆದ ಮೊದಲ ಸಾಲು, "1695ರಲ್ಲಿ ಅರಬ್ಬರು ಮಂಗಳೂರನ್ನು ಸುಟ್ಟುಹಾಕಿದರು."

ಸಾಲು ಸುಳ್ಳಲ್ಲ. ಆದರೆ ಕ್ಲಾಸಿನಲ್ಲಿ ಓದುವಾಗ ಹಿಂದಿನ ಬೆಂಚಿನವರು ಆ ಹುಡುಗಿಯ ಮುಖ ನೋಡಿ ನಕ್ಕರಂತೆ. ಸಂಜೆ ಅವಳು ಬಂದು, "ನನ್ನ ಹೆಸರು ತೆಗೆದುಬಿಡು" ಅಂದಳಂತೆ. ರಾತ್ರಿ ನನಗೆ ಫೋನ್. "ಮಾವ, ನೀವು ಮಸ್ಕತ್‌ನಲ್ಲೇ ಇದ್ದೀರಲ್ಲ, ಯಾಕೆ ಸುಟ್ಟದ್ದು ಅಂತ ಅಲ್ಲಿ ಕೇಳಿ ಹೇಳ್ತೀರಾ?"

ಮುನ್ನೂರು ವರ್ಷದ ಹಿಂದಿನದ್ದನ್ನು ಯಾರ ಹತ್ತಿರ ಕೇಳುವುದು ಮಾರಾಯ್ರೆ? ಆದರೂ ಬಿಡಲು ಮನಸ್ಸಾಗಲಿಲ್ಲ. ಎಂಸಿಬಿ ಟ್ರಿಪ್ ಆದರೆ ಸುಮ್ಮನೆ ಎತ್ತಿ ಹಾಕಿ ಬರುವುದಲ್ಲ, ಫಾಲ್ಟ್ ಎಲ್ಲಿದೆ ಅಂತ ಲೈನ್ ಹಿಡಿದು ಹಿಂದೆ ಹೋಗಬೇಕು. ನನಗೆ ಗೊತ್ತಿದ್ದ ದಾರಿ ಅದೊಂದೇ.

ಶುಕ್ರವಾರ ರೂವಿಯಿಂದ ಹಳೇ ಮಸ್ಕತ್‌ಗೆ ಹೋದೆ. ಅಲ್ ಆಲಂ ಅರಮನೆಯ ಹತ್ತಿರ ಜಲಾಲಿ, ಮಿರಾನಿ ಕೋಟೆಗಳನ್ನು ನೀವೆಲ್ಲ ನೋಡಿದ್ದೀರಿ. ನಾನೂ ಎಷ್ಟೋ ಸಲ ಅವುಗಳ ಫೋಟೋ ತೆಗೆದು ಮನೆಗೆ ಕಳಿಸಿದ್ದೆ. 1580ರ ದಶಕದಲ್ಲಿ ಅವನ್ನು ಕಟ್ಟಿಸಿದವರು ಪೋರ್ಚುಗೀಸರು ಅಂತ ಮಾತ್ರ ಗೊತ್ತಿರಲಿಲ್ಲ. ಉಳ್ಳಾಲದಲ್ಲಿ ರಾಣಿ ಅಬ್ಬಕ್ಕ ಎದುರಿಸಿದ ಅದೇ ಪೋರ್ಚುಗೀಸರು!

ಆಮೇಲೆ ನಾನು ರೂಮಿನಲ್ಲಿ ಮೊಬೈಲ್ ನೋಡಿ, ಮಕ್ಕಳು ಊರಿನ ಲೈಬ್ರರಿಯಲ್ಲಿ ಓದಿ, ಒಂದೇ ಹಾಳೆಯಲ್ಲಿ ಎರಡು ಪಟ್ಟಿ ಬರೆದೆವು. ಒಂದು ಮಸ್ಕತ್‌ನದ್ದು, ಇನ್ನೊಂದು ಮಂಗಳೂರಿನದ್ದು.

1507ರಲ್ಲಿ ಪೋರ್ಚುಗೀಸ್ ನಾಯಕ ಅಲ್ಬುಕರ್ಕ್ ಮಸ್ಕತ್ ಸುಟ್ಟ. ಅಂದರೆ ಮೊದಲು ಸುಟ್ಟದ್ದು ಈ ಊರು. 1568ರಲ್ಲಿ ಅವರು ಮಂಗಳೂರಿನಲ್ಲೂ ಕೋಟೆ ಕಟ್ಟಿದರು. ಸಮುದ್ರದಲ್ಲಿ ಹಡಗು ಹೋಗಬೇಕಾದರೆ ಅವರ ಕೈಯಿಂದ 'ಕಾರ್ತಾಜ್' ಎಂಬ ಪಾಸ್ ಪಡೆಯಬೇಕು. ಇಲ್ಲದಿದ್ದರೆ ಹಡಗು, ಸರಕು ಎರಡೂ ಜಪ್ತಿ. 1650ರಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಅವರನ್ನು ಮಸ್ಕತ್‌ನಿಂದ ಓಡಿಸಿದ. ಆ ಗೆಲುವಿಗೆ ನರೋತ್ತಮ ಎಂಬ ಬನಿಯಾ ವ್ಯಾಪಾರಿ ನೆರವಾದ ಅಂತ ಒಮಾನಿನ ಇತಿಹಾಸಕಾರ ಇಬ್ನ್ ರುಝೈಕ್ ಬರೆದಿದ್ದಾನೆ. ನಮ್ಮ ಕಡೆ ಕೆಳದಿಯ ಶಿವಪ್ಪ ನಾಯಕ ಅವರ ಕೋಟೆಗಳನ್ನು ಕಿತ್ತುಕೊಂಡ. ಮುಂದೆ ಒಪ್ಪಂದ ಮಾಡಿಕೊಂಡು ಅವರು ಮತ್ತೆ ವ್ಯಾಪಾರಕ್ಕೆ ಬಂದರು.

ಮಸ್ಕತ್‌ನಲ್ಲಿ ಗದ್ದೆ ಎಲ್ಲುಂಟು? ಅನ್ನಕ್ಕೆ ಕರಾವಳಿಯ ಅಕ್ಕಿ ಬೇಕಿತ್ತು. ಪೋರ್ಚುಗೀಸರು ಅರಬ್ಬರ ವ್ಯಾಪಾರಕ್ಕೆ ಅಡ್ಡ ಹಾಕಿದರು. ಅದರ ಸೇಡಿಗೆ 1695ರಲ್ಲಿ, ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿ, ಮಂಗಳೂರಿಗೆ ಬೆಂಕಿ ಬಿತ್ತು.

ಹಾಗಂತ ಬೆಂಕಿ ಹಾಕಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಬೆಂಕಿಗೆ ಪೋರ್ಚುಗೀಸರ ಕೋಠಿ ಯಾವುದು, ಮೀನು ಹಿಡಿಯುವವನ ಗುಡಿಸಲು ಯಾವುದು ಅಂತ ಗೊತ್ತಾಗುವುದಿಲ್ಲ. ಆದರೆ ಆ ಜಗಳ ಅಕ್ಕಿಯದ್ದು, ಹಡಗಿನದ್ದು. ಒಂಬತ್ತನೇ ಕ್ಲಾಸಿನ ಹುಡುಗಿ ಅದಕ್ಕೆ ತಲೆ ತಗ್ಗಿಸಬೇಕಾಗಿಲ್ಲ.

ಮಕ್ಕಳು ಮೊದಲ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ "ಏಕೆಂದರೆ" ಅಂತ ಬರೆದು ಆರು ಪುಟ ಸೇರಿಸಿದರು. ಈ ಸಲ ಕ್ಲಾಸಿನಲ್ಲಿ ಓದಿದ್ದು ಆ ಬ್ಯಾರಿ ಹುಡುಗಿಯೇ. ಮಾರ್ಕ್ ಎಷ್ಟು ಬಂತು ಅಂತ ನಾನು ಕೇಳಲಿಲ್ಲ. ಹೊದಿಕೆಯ ಮೇಲೆ ಎರಡೂ ಹೆಸರು ಇತ್ತು, ಅಷ್ಟು ಸಾಕು.

ಈದ್ ರಜೆಯಲ್ಲಿ ಅವಳ ಅಪ್ಪ ಸೊಹಾರ್‌ನಿಂದ ಬಂದರು. ಇಬ್ಬರೂ ಕೋಟೆಗಳ ಎದುರು ನಿಂತು ಊರಿಗೆ ವಿಡಿಯೋ ಕಾಲ್ ಮಾಡಿದೆವು. ಆಚೆ ಕಡೆ ಮಕ್ಕಳಿಬ್ಬರು ನಮಗೇ ಪಾಠ ಹೇಳಿದರು.

ನಾವು ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸುತ್ತೇವೆ. ಮಕ್ಕಳು ಫೋನ್ ಮಾಡಿ ಏನಾದರೂ ಕೇಳಿದರೆ, ಡ್ಯೂಟಿ ಉಂಟು ಅಂತ ಇಟ್ಟುಬಿಡಬೇಡಿ. ಒಂದು ಶುಕ್ರವಾರ ಅವರಿಗಾಗಿ ಹುಡುಕಿ.