ಕೊಕ್ಕು, ತಟ್ಟೆ, ಕಟ್ಟೆ
(ಕಾಲೇಜೊಂದರ ಚರ್ಚಾಕೂಟದ ಉದ್ಘಾಟನೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮ ಕಾರ್ಯದರ್ಶಿಗಳು ಈಗತಾನೆ ‘ಡಯಾಸ್ ಮೇಲಿರುವ ಗಣ್ಯರೇ’ ಎಂದರು. ನನಗೆ ‘ಪೋಡಿಯಂ ಹಿಂದೆ ನಿಲ್ಲಿ ಸಾರ್’ ಎಂದರು. ಎರಡನೆಯದು ತುಸು ಕಷ್ಟ. ಪೋಡಿಯಂ ಎಂಬುದು ಮೇಲೆ ಹತ್ತಿ ನಿಲ್ಲುವ ಪೀಠ. ಅದು ಪಾದ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದದ್ದು. ನಮ್ಮ ‘ಪಾದ’ಕ್ಕೂ ದೂರದ ನೆಂಟ. ನಾನೀಗ ಕೈಯೂರಿರುವುದು ಬರೀ ಓದುಮೇಜು.

ಡಯಾಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಮೂಲ ಲ್ಯಾಟಿನ್ನಿನ ‘ಡಿಸ್ಕಸ್’, ಅಂದರೆ ತಟ್ಟೆ. ತಟ್ಟೆ ಮೇಜಾಯಿತು, ಮೇಜು ದೊಡ್ಡವರು ಕೂತು ಉಣ್ಣುವ ಎತ್ತರದ ಜಾಗವಾಯಿತು. ಈಗ ಊಟ ಹೋಗಿದೆ, ದೊಡ್ಡವರು ಉಳಿದಿದ್ದಾರೆ!

ರಾಸ್ಟ್ರಂ ಎಂದರೆ ಕೊಕ್ಕು. ಕ್ರಿ.ಪೂ. 338ರಲ್ಲಿ ಆಂಟಿಯಂ ಪಟ್ಟಣವನ್ನು ಸೋಲಿಸಿದ ರೋಮನ್ನರು, ಶತ್ರುಹಡಗುಗಳ ಕೊಕ್ಕುಗಳನ್ನು ಕಿತ್ತು ತಂದು ತಮ್ಮ ಭಾಷಣದ ಕಟ್ಟೆಗೆ ಜಡಿದರು. ಕಟ್ಟೆಗೇ ಆ ಹೆಸರು ನಿಂತಿತು. ಅಲ್ಲಿಂದ ಆಂಟನಿಯ ವಿರುದ್ಧ ಮಾತಾಡಿದ್ದ ಸಿಸೆರೊನ ತಲೆಯನ್ನೂ ಕೈಯನ್ನೂ ಕ್ರಿ.ಪೂ. 43ರಲ್ಲಿ ಆಂಟನಿ ಅದೇ ಕಟ್ಟೆಯ ಮೇಲೆ ಇಡಿಸಿದ. ಮಾತಿಗೆ ತೆತ್ತ ಬೆಲೆ ಅದು.

ಅಥೆನ್ಸಿನ ಪ್ನಿಕ್ಸ್ ಗುಡ್ಡದಲ್ಲಿ ಬಂಡೆ ಕಡಿದು ಮಾಡಿದ ‘ಬೇಮಾ’ ಇಂದಿಗೂ ಇದೆ. ಬೇಮಾ ಎಂದರೆ ಹೆಜ್ಜೆ, ಮೆಟ್ಟಿಲು. ‘ಯಾರು ಮಾತಾಡುವಿರಿ?’ ಎಂದು ಸಾರುವವನು ಸಭೆಯನ್ನು ಕೇಳುತ್ತಿದ್ದ. ಸಾಮಾನ್ಯ ಪೌರನೂ ಎದ್ದು ಬರಬಹುದಿತ್ತು. ಆದರೆ ಹೆಂಗಸರು, ಗುಲಾಮರು, ಪರಸ್ಥಳದವರು ಆ ಮೆಟ್ಟಿಲು ಹತ್ತುವಂತಿರಲಿಲ್ಲ.

ನಮ್ಮ ಕಡೆ ನೋಡಿ. ಸಂಸ್ಕೃತದ ‘ಮಂಚ’ ಹಿಂದಿಯಲ್ಲಿ ಭಾಷಣಕ್ಕೆ, ಕನ್ನಡದಲ್ಲಿ ನಿದ್ದೆಗೆ. ಕೆಲವು ಸಭೆಗಳಲ್ಲಿ ಎರಡು ಅರ್ಥವೂ ಹೊಂದುವುದುಂಟು. ‘ವೇದಿಕೆ’ಯ ಹಿಂದೆ ‘ವೇದಿ’ ಇದೆ, ಯಜ್ಞದ ಜಾಗ. ಅಲ್ಲಿಗೂ ಎಲ್ಲರಿಗೆ ಪ್ರವೇಶವಿರಲಿಲ್ಲ.

ಹಾಗಾದರೆ ನಮ್ಮ ಅಚ್ಚಗನ್ನಡದ ಕಟ್ಟೆ? ಅರಳಿಕಟ್ಟೆಯಲ್ಲಿ ಹೇಳುವವರೂ ಕೇಳುವವರೂ ಒಂದೇ ಎತ್ತರದಲ್ಲಿ ಕೂರುತ್ತಾರೆ ಎಂದು ಹೊಗಳುವ ಆಸೆ ನನಗೂ ಇದೆ. ಆದರೆ ಎಷ್ಟೋ ಊರುಗಳಲ್ಲಿ ಆ ಕಟ್ಟೆಯನ್ನು ದಲಿತರು ಹತ್ತುವಂತಿರಲಿಲ್ಲ. ಪಂಚಾಯಿತಿ ಸೇರಿದಾಗ ಹೆಂಗಸರು ಅತ್ತ ಸುಳಿಯುತ್ತಿರಲಿಲ್ಲ.

ಹೆಸರು ಯಾವುದಾದರೂ ಇರಲಿ, ವೇದಿಕೆಯ ಎತ್ತರ ದೊಡ್ಡ ಮಾತಲ್ಲ. ದನಿ ಹಿಂದಿನ ಸಾಲಿಗೆ ಮುಟ್ಟಲು ಅದು ಬೇಕು. ಮೆಟ್ಟಿಲು ಯಾರಿಗೆ ಎಂಬುದೇ ಮಾತು. ನಿಮ್ಮ ಕೂಟದಲ್ಲಿ ಅಥೆನ್ಸಿನ ಆ ಸಾರುವವನ ಪ್ರಶ್ನೆಯನ್ನು ಪ್ರತಿ ಸಲವೂ ಕೇಳಿ. ಕೇಳಿದ ಮೇಲೆ, ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಬರುವವರೆಗೆ ತುಸು ಕಾಯಿರಿ.