ಎರಕದ ಗುಂಡಿನ ಮೊನೆ

ಹಾರಿಸಿದ ತೋಟಾಗಳ ಹಿತ್ತಾಳೆ ಕೋಶಗಳಿಗೆ ಮದ್ದನ್ನೂ ಎರಕದ ಸೀಸದ ಗುಂಡನ್ನೂ ಮರಳಿ ತುಂಬಿಕೊಳ್ಳುವ ಪದ್ಧತಿ ಅಮೆರಿಕದ ಬೇಟೆಗಾರರಲ್ಲುಂಟು. ಸನ್ನೆಗೋಲನ್ನು ಕೆಳಮೇಲು ಮಾಡಿ ತೋಟಾ ಏರಿಸುವ ಅವರ ಕೋವಿಗಳಲ್ಲಿ ಹೆಸರಾದುದು ಜಾನ್ ಬ್ರೌನಿಂಗರು ರಚಿಸಿದ 1894ರ ವಿಂಚೆಸ್ಟರ್. ಅದರ ನಳಿಗೆಯ ಕೆಳಗೊಂದು ಕೊಳವೆ. ಅದರಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೊನೆ ಮುಂದಿನದರ ಕೇಪಿಗೆ ತಾಗಿರುತ್ತದೆ. ಮೊನೆ ಚೂಪಾಗಿದ್ದರೆ, ಕೋವಿಯ ಹಿನ್ನೂಕಿಗೆ ಅದು ಕೇಪನ್ನು ಕುಟ್ಟಿ ಕೊಳವೆಯಲ್ಲಿಯೇ ಮದ್ದು ಸಿಡಿದೀತು. ಆ ಕೊಳವೆಯ ಕೆಳಗೆ ಇರುವುದು ಬೇಟೆಗಾರನ ಎಡಗೈ! ಆದುದರಿಂದ ಚೂಪು ಗುಂಡಿನ ಅಂದಕ್ಕೆ ನಾವು ಮರುಳಾಗಲಾಗದು. ಚಪ್ಪಟೆ ಮೊನೆಯದನ್ನೇ ಆರಿಸತಕ್ಕದ್ದು.

ಬಳಿಕ ಗಾತ್ರ. .30-30 ಕೋವಿಯ ನಳಿಗೆಯೊಳಗಿನ ಸುರುಳಿಗೀರುಗಳ ತಳದಲ್ಲಿ ವ್ಯಾಸವು ಸಾಮಾನ್ಯವಾಗಿ 0.308 ಅಂಗುಲ. ಎರಕದ ಗುಂಡು ಅದಕ್ಕಿಂತ ಅಂಗುಲದ ಸಾವಿರದಲ್ಲೊಂದೆರಡು ಪಾಲು ದಪ್ಪವಿರಬೇಕು. ತೆಳುವಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ನಳಿಗೆಗೆ ಮೆತ್ತುತ್ತದೆ. ಬರಿಯ ಸೀಸ ಈ ವೇಗಕ್ಕೆ ಮೆದು. ತವರ, ಆಂಟಿಮನಿಗಳನ್ನು ಬೆರೆಸುತ್ತಾರೆ, ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲನ್ನು ತೊಡಿಸುವುದೂ ಉಂಟು. ಗುಂಡಿನ ಸುತ್ತ ಒಂದು ತೋಡು ಇದೆಯೇ ಎಂಬುದನ್ನೂ ನೋಡಬೇಕು. ಕೋಶದ ಅಂಚನ್ನು ಅದರೊಳಕ್ಕೆ ಒತ್ತಿ ಬಿಗಿಯದಿದ್ದರೆ, ಕೊಳವೆಯ ಸ್ಪ್ರಿಂಗಿನ ಒತ್ತಡಕ್ಕೆ ಗುಂಡು ಕೋಶದೊಳಕ್ಕೆ ಸರಿದುಹೋದೀತು.