ಹಳೆಯ ಕ್ಲಾರಿಯೊನೆಟ್: ಆರಿಸುವ ವಿವೇಕ, ಕಾಪಾಡುವ ಹೊಣೆ

(ಶತಮಾನೋತ್ಸವದ ವಾದ್ಯವೃಂದ ಶಿಬಿರದಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ನೆನಪಿಗಾಗಿ ನಮ್ಮ ಮಕ್ಕಳ ವಾದ್ಯವೃಂದಕ್ಕೆ ಕ್ಲಾರಿಯೊನೆಟ್ಟುಗಳನ್ನು ಕೊಳ್ಳಲು ನಿಶ್ಚಯಿಸಿದ್ದೇವೆ. ಹೊಸ ವಾದ್ಯಗಳಿಗೆ ನಮ್ಮಲ್ಲಿ ಹಣ ಸಾಲದು, ಬಳಸಿದವನ್ನೇ ಕೊಳ್ಳಬೇಕಾಗಿದೆ. ಇದು ಬಡವರ ಕಾಣಿಕೆಯ ಹಣ. ಆದುದರಿಂದ ಎಚ್ಚರಿಕೆ ಅಗತ್ಯ.

ಬಹುಕಾಲದ ಹಿಂದೆ ನಾನು ಕೀಗಳ ಹೊಳಪಿಗೆ ಮರುಳಾಗಿ ಹಳೆಯ ವಾದ್ಯವೊಂದನ್ನು ತಂದೆ. ಹಬ್ಬದ ಬಲಿಪೂಜೆಯಲ್ಲಿ ಅದು ಹಾರ್ಮೋನಿಯಂನೊಡನೆ ಕೂಡಲೇ ಇಲ್ಲ. ಅದು ಹಿಂದಿನ ಬ್ರಿಟಿಷ್ ಬ್ಯಾಂಡುಗಳ ಎತ್ತರದ ಶ್ರುತಿಯ ವಾದ್ಯವಾಗಿತ್ತು. ಆ ಶ್ರುತಿಯಲ್ಲಿ ‘ಎ’ ಸ್ವರಕ್ಕೆ ಸೆಕೆಂಡಿಗೆ ಸುಮಾರು 452 ಕಂಪನಗಳು. 1939ರ ಲಂಡನ್ ಸಮ್ಮೇಳನ ಒಪ್ಪಿದ ಶ್ರುತಿಯಲ್ಲಿ 440. ಕೊಳವೆಯನ್ನು ತುಸು ಎಳೆದು ಒಂದು ಸ್ವರವನ್ನು ಇಳಿಸಬಹುದು. ಉಳಿದವು ಆಗ ಅಪಸ್ವರವಾಗುತ್ತವೆ. ಅಂದಿನಿಂದ, ಹಾರ್ಮೋನಿಯಂನೊಡನೆ ನುಡಿಸಿ ನೋಡದೆ ನಾನು ಹಣ ಕೊಟ್ಟಿಲ್ಲ.

ಮರದ ವಾದ್ಯವಾದರೆ ಮೇಲಿನ ತುಂಡನ್ನು ಬೆಳಕಿಗೆ ಹಿಡಿದು ಬಿರುಕುಗಳನ್ನು ಹುಡುಕಿರಿ. ಅದರ ರಂಧ್ರಗಳನ್ನು ಬೆರಳುಗಳಿಂದ ಮುಚ್ಚಿ, ಕೆಳತುದಿಯನ್ನು ಅಂಗೈಗೆ ಒತ್ತಿ, ಬಾಯಿಂದ ಗಾಳಿಯನ್ನು ಹೀರಿರಿ. ಹಿಡಿತ ಕ್ಷಣಕಾಲ ನಿಂತರೆ ಪ್ಯಾಡುಗಳು ಚೆನ್ನಾಗಿವೆ; ಕೂಡಲೇ ಸಡಿಲಿದರೆ ಗಾಳಿ ಸೋರುತ್ತಿದೆ. ಪ್ಯಾಡುಗಳನ್ನೂ ಸಂದುಗಳ ಕಾರ್ಕನ್ನೂ ರಿಪೇರಿಯವನು ಬದಲಿಸಬಲ್ಲನು. ತಪ್ಪು ಶ್ರುತಿಯನ್ನು ಯಾರೂ ಸರಿಪಡಿಸಲಾರರು. ಎಲ್ಲ ವಾದ್ಯಗಳ ಬೆರಳಿಡುವ ಕ್ರಮ ಒಂದೇ ಆಗಿರಲಿ; ಇಲ್ಲವಾದರೆ ಮಕ್ಕಳು ಒಟ್ಟಿಗೆ ಕಲಿಯಲಾರರು.

ಕೊಂಡ ಮೇಲೆ ಕಾಪಾಡಬೇಕು. ನುಡಿಸಿದ ಬಳಿಕ ರೀಡನ್ನು ಬಿಚ್ಚಿ ಒರೆಸಿರಿ. ಕೊಳವೆಯೊಳಗೆ ಹತ್ತಿಯ ಬಟ್ಟೆಯನ್ನೆಳೆದು ತೇವ ತೆಗೆಯಿರಿ. ಮೌತ್‌ಪೀಸನ್ನು ಬಿಸಿನೀರಿನಲ್ಲಿ ತೊಳೆಯಬೇಡಿರಿ. ಮೆರವಣಿಗೆಯ ನಡುವೆ ವಾದ್ಯವನ್ನು ಬಿಸಿಲಿನಲ್ಲಿ ಇಡಬೇಡಿರಿ. ಒದ್ದೆ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿರಿ. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ತೆರೆದು ನೆರಳಿನಲ್ಲಿ ಗಾಳಿಯಾಡಿಸಿರಿ.

1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಆರಾಧನೆಗೆ ತಕ್ಕ ಇತರ ವಾದ್ಯಗಳನ್ನೂ ಅಧಿಕಾರವುಳ್ಳವರ ಒಪ್ಪಿಗೆಯಿಂದ ಬಳಸಬಹುದೆಂದು ಹೇಳಿತು. ಆ ಅನುಮತಿಗೆ ತಕ್ಕಂತೆ ನುಡಿಸುವುದು ನಮ್ಮ ಕರ್ತವ್ಯ. ಬೀರುವಿನಲ್ಲಿ ಬೀಗ ಹಾಕಿಟ್ಟ ವಾದ್ಯ ಯಾರ ಗಮನಕ್ಕೂ ಬಾರದೆ ಕೆಡುತ್ತದೆ. ಪ್ರತಿಯೊಂದು ಕ್ಲಾರಿಯೊನೆಟ್ಟನ್ನೂ ಒಂದೊಂದು ಮಗುವಿನ ವಶಕ್ಕೆ ಒಪ್ಪಿಸೋಣ. ಆ ಮಗು ಬೆಳೆದು, ಅದನ್ನು ಸುಸ್ಥಿತಿಯಲ್ಲಿ ಇನ್ನೊಂದು ಮಗುವಿನ ಕೈಗಿತ್ತರೆ, ಇಂದಿನ ದಾನಿಗಳ ಕಾಣಿಕೆ ಸಾರ್ಥಕವಾಗುವುದು.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.